ಮೊಸರಿನ ಮುಚ್ಚಳದ ಮೇಲೆ ಕೂತ ಬೆಕ್ಕು

ಒಂದು ಹಟ್ಟಿ ಇತ್ತಂತೆ. ಅದು ಯಾವ ರಾಜನ ಸೀಮೆಗೆ ಸೇರಿತ್ತು ಅಂತ ಹೇಳಿದವರಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಮನೆಗಳು ಕಡಿಮೆ, ದನಗಳು ಹೆಚ್ಚು. ಆ ಹಟ್ಟಿಯಲ್ಲಿ ಕಾಟಮ್ಮ ಅಂತ ಒಬ್ಬ ಹೆಂಗಸು. ಅವಳು ಹೆಪ್ಪು ಹಾಕಿದ ಮೊಸರು ಎಂಥದು ಅಂದರೆ, ಮಡಕೆಯನ್ನು ಬೋರಲು ಹಿಡಿದರೂ ಒಂದು ತೊಟ್ಟು ಕೆಳಗೆ ಬೀಳುತ್ತಿರಲಿಲ್ಲವಂತೆ. ಬೆಳಗಾದರೆ ಹಟ್ಟಿಯ ಹೆಂಗಸರೆಲ್ಲ ಬಟ್ಟಲು ಹಿಡಿದು ಹೆಪ್ಪಿಗೆ ಅವಳ ಬಾಗಿಲಿಗೇ ಬರುತ್ತಿದ್ದರು. ‘ಕಾಟಮ್ಮನ ಕೈಗುಣ, ನಮಗೆಲ್ಲಿ ಬರಬೇಕು’ ಅಂದುಕೊಂಡು ಹೋಗುತ್ತಿದ್ದರು.

ಆ ಮನೆಗೆ ಸೊಸೆಯಾಗಿ ಬಂದವಳು ಬೊಮ್ಮಕ್ಕ. ಕಸ ಗುಡಿಸಿದರೆ ಅಂಗಳ ಕನ್ನಡಿ, ಹಾಲು ಕರೆದರೆ ಕರುವಿಗೂ ಮಿಗುತ್ತಿತ್ತು. ಆದರೆ ಅವಳು ಹೆಪ್ಪು ಹಾಕಿದ ಹಾಲು ಮಾತ್ರ ಮೊಸರಾಗುತ್ತಿರಲಿಲ್ಲ. ಒಂದು ದಿನ ನೀರು, ಒಂದು ದಿನ ಲೋಳೆ, ಒಂದು ದಿನ ಎರಡೂ.

‘ನಿನ್ನ ಮೊಸರನ್ನು ಅನ್ನಕ್ಕೆ ಕಲಸೋಕಾಗಲ್ಲ ತಾಯಿ, ಬಾಯಾರಿದವರಿಗೆ ಕೊಡಬೇಕು’ ಅನ್ನುತ್ತಿದ್ದಳು ಕಾಟಮ್ಮ.

ಬೊಮ್ಮಕ್ಕನಿಗೆ ಕಾರಣ ಗೊತ್ತಿತ್ತು. ಅಥವಾ ಗೊತ್ತಿದೆ ಅಂದುಕೊಂಡಿದ್ದಳು. ಅವಳು ಚಿಕ್ಕವಳಿದ್ದಾಗ ತವರಿನ ಹಿತ್ತಲಲ್ಲಿ ಅವರೆಬೀಜ ಊರಿದ್ದಳಂತೆ. ಒಂದೂ ಮೇಲೆ ಬರಲಿಲ್ಲ. ಸೋದರತ್ತೆ ಎಲೆಯಡಿಕೆ ಜಗಿಯುತ್ತಾ, ‘ಈ ಹುಡುಗಿ ಕೈಗುಣ ಒಳ್ಳೇದಲ್ಲ’ ಅಂದುಬಿಟ್ಟಳು. ಅಂದವಳು ಎಲೆಯಡಿಕೆ ಉಗುಳುವ ಹೊತ್ತಿಗೆ ಮಾತನ್ನೂ ಮರೆತಳು. ಕೇಳಿಸಿಕೊಂಡವಳು ಮರೆಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಬೊಮ್ಮಕ್ಕನ ಕೈಗೆ ಯಾರೂ ಬೀಜ ಕೊಡಲಿಲ್ಲ, ಹಿಟ್ಟು ಕೊಡಲಿಲ್ಲ, ಹೆಪ್ಪು ಕೊಡಲಿಲ್ಲ. ಕೊಟ್ಟರೂ ಅವಳು ಮುಟ್ಟುತ್ತಿರಲಿಲ್ಲ. ಮುಟ್ಟದ ಕೆಲಸ ಕೈಗೆ ಬರುವುದಾದರೂ ಹೇಗೆ?

ಆ ಹಟ್ಟಿಗೆ ಒಂದು ಕಟ್ಟಳೆ ಇತ್ತು. ದನಗಳ ಹಬ್ಬದ ದಿನ ದೇವರ ಎಡೆಗೆ ಹೊಸ ಸೊಸೆ ಹೆಪ್ಪು ಹಾಕಿದ ಮೊಸರೇ ಆಗಬೇಕು. ಹಿರಿಯರ ಎದುರು ಅತ್ತೆ ಮಡಕೆಯನ್ನು ಬೋರಲು ಹಿಡಿಯಬೇಕು. ಮೊಸರು ನಿಂತರೆ ಸೊಸೆ ನಿಂತಳು. ಸುರಿದರೆ ದನಗಳಿಗೆ ಕೇಡು ಅಂತ ಸೊಸೆಯನ್ನು ತವರಿಗೆ ಕಳಿಸುತ್ತಿದ್ದರು. ಬೊಮ್ಮಕ್ಕನಿಗೆ ಹೋಗಲು ಇಷ್ಟವಿರಲಿಲ್ಲ. ಅವಳ ಗಂಡ ಜುಂಜ, ಹುಟ್ಟಿದ ಕರುವಿಗೆಲ್ಲ ಅವಳನ್ನು ಕೇಳಿಯೇ ಹೆಸರಿಡುತ್ತಿದ್ದ. ಅತ್ತೆ ಬೈದರೂ ಬೈಯುತ್ತಲೇ ಅವಳ ತಲೆ ಬಾಚಿ ಹೂ ಮುಡಿಸುತ್ತಿದ್ದಳು. ಅಂಥ ಮನೆಯನ್ನು ಬಿಟ್ಟು ಹೋಗುವುದು ಅವಳಿಂದ ಆಗದ ಮಾತು. ಆದರೆ ಹಬ್ಬ ಹತ್ತಿರ ಬರುತ್ತಿತ್ತು, ಹಾಲು ನೀರಾಗಿಯೇ ಇತ್ತು.

ಕೆಟ್ಟ ಹಾಲನ್ನು ಅವಳು ಚೆಲ್ಲುತ್ತಿರಲಿಲ್ಲ. ಹಿತ್ತಲ ಸೌದೆ ಒಟ್ಟಿಲ ಹಿಂದೆ ಒಂದು ಬೂದಿ ಬಣ್ಣದ ಬೆಕ್ಕು ಮೂರು ಮರಿ ಹಾಕಿತ್ತು. ಎಲುಬು ಎಣಿಸಬಹುದಾದಂಥ ಬೆಕ್ಕು. ಬೊಮ್ಮಕ್ಕ ದಿನಾ ಒಂದು ತೆಂಗಿನ ಚಿಪ್ಪಿನಲ್ಲಿ ಆ ಹಾಲನ್ನು ಅದರ ಮುಂದೆ ಇಟ್ಟು ಬರುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ದನಗಳ ಹಿಂದೆ ಹೋಗಿದ್ದರು. ಬೊಮ್ಮಕ್ಕ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಬೆಕ್ಕು ಬಂದು ಎದುರಿಗೆ ಬಾಲ ಸುತ್ತಿಕೊಂಡು ಕೂತು, ‘ಅಳಬೇಡ ತಂಗಿ’ ಅಂದಿತಂತೆ.

‘ನಿನಗೆ ಮಾತು ಬರುತ್ತಾ?’

‘ಬರುತ್ತೆ. ಇಷ್ಟು ದಿನ ಆಡೋದರಿಂದ ಲಾಭ ಇರಲಿಲ್ಲ.’

ಆಮೇಲೆ ಬೆಕ್ಕು ಹೇಳಿತು: ‘ಒಲೆ ಪಕ್ಕ ಮಲಗಿ ನೋಡ್ತಾನೇ ಇದ್ದೀನಿ. ಹೆಪ್ಪು ಹಾಕ್ತೀಯ. ಒಂದು ಸಲ ಮುಚ್ಚಳ ತೆಗೆದು ನೋಡ್ತೀಯ. ಒಂದು ಸಲ ಮಡಕೆ ಅಲ್ಲಾಡಿಸಿ ನೋಡ್ತೀಯ. ಒಂದು ಸಲ ಬೆರಳು ಅದ್ದಿ ನೋಡ್ತೀಯ. ಹೆಪ್ಪಾಗೋಕೆ ಹಾಲಿಗೆ ಪುರುಸೊತ್ತಾದರೂ ಎಲ್ಲಿ?’

‘ಆಗಲ್ಲ ಅಂತ ಗೊತ್ತಲ್ಲ, ಅದಕ್ಕೇ ನೋಡ್ತೀನಿ.’

‘ನೋಡ್ತೀಯಲ್ಲ, ಅದಕ್ಕೇ ಆಗಲ್ಲ.’

ಬೊಮ್ಮಕ್ಕನಿಗೆ ಸಿಟ್ಟು ಬಂತು. ಇಷ್ಟು ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಬೆಕ್ಕು ಪಂಜ ನೆಕ್ಕಿಕೊಂಡು ಮುಖ ಆ ಕಡೆ ತಿರುಗಿಸಿತು.

‘ಮೂರು ಮರಿ ತಂಗಿ. ನಿನ್ನ ಮೊಸರು ಗಟ್ಟಿಯಾಗಿದ್ದರೆ ಅವು ಬದುಕುತ್ತಿರಲಿಲ್ಲ. ಈಗ ಯೋಚನೆ ಮಾಡಿದೆ. ನೀನು ತವರಿಗೆ ಹೋದರೆ ನಮಗೆ ಹಾಲಿಲ್ಲ. ನಿನ್ನ ಮೊಸರು ಗಟ್ಟಿಯಾದರೂ ಹಾಲಿಲ್ಲ. ಹೇಗಿದ್ದರೂ ಇಲ್ಲ ಅಂದಮೇಲೆ, ನೀನಾದರೂ ಇರಲಿ ಅನ್ನಿಸಿತು.’

ಆ ಸಂಜೆ ಬೊಮ್ಮಕ್ಕ ಹೆಪ್ಪು ಹಾಕಿ ಮುಚ್ಚಳ ಮುಚ್ಚಿದ ಕೂಡಲೇ ಬೆಕ್ಕು ನೆಗೆದು ಮುಚ್ಚಳದ ಮೇಲೆ ಕೂತುಬಿಟ್ಟಿತು. ಅವಳು ಕೈ ಚಾಚಿದಾಗಲೆಲ್ಲ ಉಗುರು ತೋರಿಸಿತು. ಬೆಕ್ಕು ಹಾಲಿನ ಕಾವಲಿಗೆ ಕೂತ ಮನೆ ಅದೊಂದೇ ಇರಬೇಕು. ಬೆಳಗಾಗುತ್ತಲೇ ಇಬ್ಬರೂ ಮುಚ್ಚಳ ತೆಗೆದು ನೋಡಿದರೆ, ನೀರು ಒಂದು ಕಡೆ, ಒಡೆದ ಹಾಲಿನ ಗಷ್ಟು ಒಂದು ಕಡೆ.

ಬೊಮ್ಮಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ನೋಡಿದೆಯಾ, ಇದು ನನ್ನ ಕೈಯದೇ ದೋಷ ಅಂದಳು.

‘ಕೈ ಮಾತು ಆಮೇಲೆ. ಹಾಲಿನ ಮಾತು ಹೇಳು. ಹೆಪ್ಪು ಹಾಕುವಾಗ ಎಷ್ಟು ಬಿಸಿ ಇತ್ತು?’

ಬೊಮ್ಮಕ್ಕನಿಗೆ ಗೊತ್ತಿರಲಿಲ್ಲ. ಹೆಪ್ಪನ್ನು ಅವಳು ಯಾವತ್ತೂ ಕಣ್ಣು ಮುಚ್ಚಿ, ದೂರದಿಂದ ಎಸೆದ ಹಾಗೆ ಹಾಕುತ್ತಿದ್ದಳು. ಕೆಡುವುದು ಕೆಟ್ಟೇ ಕೆಡುತ್ತದೆ, ಬಿಸಿ ನೋಡಿ ಆಗಬೇಕಾದ್ದೇನು ಅಂತ. ಬೆಕ್ಕು ಹಿತ್ತಲಿಗೆ ಹೋಗಿ ಒಂದು ಮರಿಯನ್ನು ಕತ್ತು ಹಿಡಿದು ತಂದು ಅವಳ ಮಡಿಲಿಗೆ ಹಾಕಿತು.

‘ಇದರ ಹೊಟ್ಟೆ ಮುಟ್ಟು. ಹಾಲು ಇಷ್ಟು ಬೆಚ್ಚಗಿದ್ದರೆ ಸಾಕು. ಇದಕ್ಕಿಂತ ಬಿಸಿಯಾದರೆ ಹೆಪ್ಪು ಸಾಯುತ್ತೆ, ಇದಕ್ಕಿಂತ ತಣ್ಣಗಾದರೆ ನಿದ್ದೆ ಮಾಡುತ್ತೆ.’

ಬೊಮ್ಮಕ್ಕ ಮರಿಯ ಹೊಟ್ಟೆ ಮುಟ್ಟಿದಳು. ಆಮೇಲೆ ಕೈ ಚೆನ್ನಾಗಿ ತೊಳೆದುಕೊಂಡು ಹಾಲು ಮುಟ್ಟಿದಳು. ಬೆಕ್ಕು ಮಾತಾಡುವ ಮನೆಯಾದರೂ ಕೈ ತೊಳೆಯದೆ ಹಾಲು ಮುಟ್ಟುವ ಮನೆಯಲ್ಲ ಅದು.

ಈ ಸಲ ಮೊಸರು ಅಂಚಿನಲ್ಲಿ ಗಟ್ಟಿ, ನಡುವೆ ತೆಳು. ಹಿಂದಿನ ಬೊಮ್ಮಕ್ಕ ಆಗಿದ್ದರೆ ನಡುವಿನ ತೆಳುವನ್ನು ನೋಡಿ ಅಳುತ್ತಿದ್ದಳು. ಈಗ ಅಂಚಿನ ಗಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಹೆಪ್ಪು ಕಡಿಮೆಯಾಯಿತೋ, ಸರಿಯಾಗಿ ಬೆರೆಯಲಿಲ್ಲವೋ ಅಂತ ಯೋಚಿಸಿದಳು. ನೇರ ಅತ್ತೆಯ ಹತ್ತಿರ ಹೋಗಿ, ‘ಅತ್ತೆಮ್ಮ, ಹೆಪ್ಪು ಎಷ್ಟು ಹಾಕ್ತೀರಿ?’ ಅಂತ ಕೇಳಿದಳು.

ಕಾಟಮ್ಮ ಹಗ್ಗ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು. ಇಷ್ಟು ವರ್ಷ ಬಟ್ಟಲು ಹಿಡಿದು ಬಂದವರೆಲ್ಲ ಅವಳ ಕೈಗುಣ ಹೊಗಳಿ ಹೋದರೇ ಹೊರತು, ಎಷ್ಟು, ಹೇಗೆ ಅಂತ ಒಬ್ಬರೂ ಕೇಳಿರಲಿಲ್ಲವಂತೆ. ಅವಳು ಎದ್ದು ಬಂದು ತೋರಿಸಿದಳು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಹೆಪ್ಪು. ಅದನ್ನು ಮೊದಲು ಒಂದು ಗುಟುಕು ಹಾಲಿನಲ್ಲಿ ಕದಡಬೇಕು, ಆಮೇಲೆ ಮಡಕೆಗೆ. ಮಡಕೆಯ ಸುತ್ತ ಬೆಚ್ಚಗೆ ಗೋಣಿ ಸುತ್ತಬೇಕು.

‘ನಾನು ಈ ಮನೆಗೆ ಬಂದಾಗ ಕೆಡಿಸಿದ ಹಾಲಿಗೆ ಲೆಕ್ಕವೇ ಇಲ್ಲ ಕಣೇ’ ಅಂದಳು. ‘ನಮ್ಮತ್ತೆ ಅಷ್ಟನ್ನೂ ನನಗೇ ಕುಡಿಸಿದಳು. ಅದರ ರುಚಿಗೆ ಹೆದರಿಯೇ ಕಲಿತೆ.’

ಬೊಮ್ಮಕ್ಕ ನಕ್ಕಳು. ಮನೆಗೆ ಬಂದ ಮೇಲೆ ಅತ್ತೆಯ ಎದುರು ನಕ್ಕದ್ದು ಅದೇ ಮೊದಲು.

ಹಬ್ಬದ ಹಿಂದಿನ ಸಂಜೆ ಅವಳು ದೇವರ ಮಡಕೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಹೊಗೆ ಹಾಕಿ, ಬೆಚ್ಚಗಿನ ಹಾಲು ಹೊಯ್ದು, ಹೆಪ್ಪು ಕದಡಿ ಹಾಕಿ, ಗೋಣಿ ಸುತ್ತಿದಳು. ಮುಚ್ಚಳ ಮುಚ್ಚಿ ಬೆಕ್ಕನ್ನು ಕರೆದಳು. ಬೆಕ್ಕು ಬರಲಿಲ್ಲ. ಸೌದೆ ಒಟ್ಟಿಲ ಹಿಂದೆ ನೋಡಿದರೆ ಬೆಕ್ಕೂ ಇಲ್ಲ, ಮರಿಗಳೂ ಇಲ್ಲ. ಮಡಕೆ ಒಂಟಿ, ಅವಳು ಒಂಟಿ.

ಕೈ ತಾನಾಗಿಯೇ ಮುಚ್ಚಳದ ಕಡೆ ಹೋಯಿತು. ಒಂದೇ ಸಲ, ಆಗಿದೆಯೋ ಇಲ್ಲವೋ ನೋಡಿದರೆ ಏನಾದೀತು? ಬೊಮ್ಮಕ್ಕ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬೀಸುವ ಕಲ್ಲಿನ ಮುಂದೆ ಹೋಗಿ ಕೂತಳು. ಹಬ್ಬಕ್ಕೆ ಬೇಕಾದ ರಾಗಿಯನ್ನೆಲ್ಲ ಬೀಸಿದಳು, ಬೇಡದ್ದನ್ನೂ ಬೀಸಿದಳು. ಬೀಸುತ್ತಾ ಬೀಸುತ್ತಾ ತವರಿನ ಹಿತ್ತಲು ನೆನಪಾಯಿತು. ಅವರೆಬೀಜ ಊರಿದ ಪುಟ್ಟ ಹುಡುಗಿ ಬೆಳಗಾದರೆ ಓಡಿ ಹೋಗುತ್ತಿದ್ದಳು. ಮೊಳಕೆ ಬಂತಾ ಅಂತ ಮಣ್ಣು ಕೆದಕಿ, ಬೀಜ ಹೊರತೆಗೆದು, ತಿರುಗಿಸಿ ನೋಡಿ, ಮತ್ತೆ ಮುಚ್ಚುತ್ತಿದ್ದಳು. ದಿನಾ. ಬೊಮ್ಮಕ್ಕನ ಕೈಯಲ್ಲಿ ಕಲ್ಲು ನಿಂತಿತು. ಇಷ್ಟು ವರ್ಷ ಹೊತ್ತು ತಿರುಗಿದ್ದು ಇದನ್ನೇ ಏನು ಅಂದುಕೊಂಡು, ಮತ್ತೆ ಬೀಸತೊಡಗಿದಳು. ಮುಚ್ಚಳದ ತಂಟೆಗೆ ಹೋಗಲಿಲ್ಲ.

ಬೆಳಿಗ್ಗೆ ದನಗಳನ್ನು ತೊಳೆದು ಹೂ ಕಟ್ಟಿದರು. ಹಿರಿಯರು ಕಂಬಳಿ ಹಾಸಿ ಕೂತರು. ಜುಂಜ ತನ್ನ ಕರುವಿನ ಹಗ್ಗ ಹಿಡಿದು ಮಡಕೆಯನ್ನು ನೋಡಲಾರದೆ ಕರುವನ್ನೇ ನೋಡುತ್ತಿದ್ದ. ಕಾಟಮ್ಮ ಮುಚ್ಚಳ ತೆಗೆದು, ಮಡಕೆ ಎತ್ತಿ, ಬೋರಲು ಹಿಡಿದಳು. ಎಲ್ಲೋ ದನದ ಕೊರಳ ಗಂಟೆ ಕಿಣಿಗುಟ್ಟಿತು. ಒಂದು ತೊಟ್ಟೂ ಕೆಳಗೆ ಬೀಳಲಿಲ್ಲವಂತೆ.

ಕಾಟಮ್ಮ ಮಡಕೆಯನ್ನು ದೇವರ ಮುಂದೆ ಇಟ್ಟು ಬಂದು, ತನ್ನ ಸೆರಗಿನಿಂದ ಸೊಸೆಯ ಮುಖ ಒರೆಸಿದಳು.

‘ಒಳ್ಳೇ ಕೈಗುಣ ಕಣಮ್ಮ ನಿಂದು’ ಅಂದರು ಹಟ್ಟಿಯ ಹಿರಿಯರು.

‘ಕೈಗುಣ ಏನಲ್ಲ ಗೌಡ್ರೇ. ಕಲಿಸೋರಿದ್ದರು, ಕಲಿತೆ’ ಅಂದಳು ಬೊಮ್ಮಕ್ಕ.

ಎಡೆ ಆದ ಮೇಲೆ ಅವಳು ಮೇಲಿನ ಕೆನೆಯನ್ನೆಲ್ಲ ತೆಂಗಿನ ಚಿಪ್ಪಿಗೆ ತುಂಬಿಕೊಂಡು ಹಿತ್ತಲಿಗೆ ಓಡಿದಳು. ಬೆಕ್ಕು ಮೂರು ಮರಿಗಳೊಂದಿಗೆ ಮೊದಲಿನ ಜಾಗದಲ್ಲೇ ಕೂತಿತ್ತು. ಎಲ್ಲಿ ಹೋಗಿದ್ದೆ ಅಂತ ಕೇಳಿದರೆ ಚಿಪ್ಪಿನ ಕಡೆ ಮೂತಿ ಚಾಚಿತು. ಅವಳು ಚಿಪ್ಪನ್ನು ಇಟ್ಟು, ನೆಲಕ್ಕೆ ಮೊಣಕಾಲೂರಿ, ಎರಡು ಕೈ ಮುಗಿದಳು.

‘ಇನ್ನು ಮೇಲೆ ಕೆಟ್ಟ ಹಾಲಲ್ಲ ಅಕ್ಕ. ಈ ಮನೆಯಲ್ಲಿ ಮೊಸರಾದ ದಿನವೆಲ್ಲ ಮೇಲಿನ ಕೆನೆ ನಿನ್ನದು.’

ಬೆಕ್ಕು ನಿಧಾನವಾಗಿ ತಿಂದು, ಮೀಸೆ ಒರೆಸಿಕೊಂಡು, ‘ಮೊದಲಿನದು ಕುಡಿಯೋಕೆ ಸುಲಭ ಇತ್ತು’ ಅಂದಿತಂತೆ. ಆಮೇಲೆ ಅದು ಯಾರ ಹತ್ತಿರವೂ ಮಾತಾಡಲಿಲ್ಲ.

ಕಾಲ ಕಳೆಯಿತು. ಹೆಪ್ಪಿಗೆ ಬಟ್ಟಲು ಹಿಡಿದು ಬರುವವರು ಈಗ ಬೊಮ್ಮಕ್ಕನ ಬಾಗಿಲಿಗೆ ಬಂದರು. ಅವರಲ್ಲಿ ಯಾರಾದರೂ ಹೊಸ ಸೊಸೆ ತಲೆ ತಗ್ಗಿಸಿ, ‘ನನ್ನ ಕೈ ಸರಿಯಿಲ್ಲ ಅಕ್ಕ, ನೀವೇ ಹಾಕಿಕೊಡಿ’ ಅಂದರೆ, ಬೊಮ್ಮಕ್ಕ ಹಾಕಿಕೊಡುತ್ತಿರಲಿಲ್ಲವಂತೆ. ಬಟ್ಟಲಿಗೆ ಹೆಪ್ಪು ಕೊಟ್ಟು, ಮಡಿಲಿಗೆ ಒಂದು ಬೂದಿ ಬಣ್ಣದ ಮರಿ ಕೊಟ್ಟು, ‘ಮೊದಲು ಇದರ ಹೊಟ್ಟೆ ಮುಟ್ಟಿ ನೋಡು’ ಅನ್ನುತ್ತಿದ್ದಳಂತೆ.

ಹಾಗಾಗಿ ಆ ಹಟ್ಟಿಯ ಮನೆಮನೆಯಲ್ಲೂ ಬೂದಿ ಬಣ್ಣದ ಒಂದು ಬೆಕ್ಕು. ಕೆನೆ ಅದಕ್ಕೆ, ಮೊಸರು ಮನೆಗೆ. ಅವರ ಮೊಸರು ಅಲ್ಲಿ ಗಟ್ಟಿಯಾಗಿ ನಿಂತಿತು, ನನ್ನ ಕತೆ ಇಲ್ಲಿ ತಣ್ಣಗೆ ನಿಂತಿತು.