ಕೊಕ್ಕರೆರಾಯ ತಂದ ಕಡಲು

ರೆಕ್ಕೆ ಮುರಿದು ಮರದಲ್ಲೇ ಉಳಿದ ಹೆಂಡತಿಗೆ ಕಡಲು ಹೇಗಿರುತ್ತದೆಂದು ತಿಳಿಯುವ ಆಸೆ. ಏನಾದರೂ ತಂದೇ ತರುತ್ತೇನೆಂದು ಮಾತು ಕೊಟ್ಟು ಕೊಕ್ಕರೆರಾಯ ಕಡಲತೀರಕ್ಕೆ ಹಾರಿದ.

ದೊಡ್ಡಂಗಡಿಯ ಕೋತಿ ಬಣ್ಣ ಬಳಿದ ಚಿಪ್ಪುಗಳನ್ನು ಮುಂದಿಟ್ಟು, "ಬಂದವರೆಲ್ಲ ಇದನ್ನೇ ಒಯ್ಯೋದು ಸ್ವಾಮಿ. ಎಷ್ಟು ಕಟ್ಟಲಿ?" ಎಂದಿತು.

ಕೊಕ್ಕರೆರಾಯನ ಮನಸ್ಸು ಒಪ್ಪಲಿಲ್ಲ. ಪಕ್ಕದಲ್ಲಿದ್ದ ಏಡಿಯ ಗೂಡಂಗಡಿಗೆ ಹೋದ.

"ಯಾರಿಗಣ್ಣ?" ಎಂದು ಏಡಿ ಕೇಳಿತು.

"ನಮ್ಮನೆಯವಳಿಗೆ. ಹಾರಲಾರಳು. ಕಡಲು ಕಂಡಿಲ್ಲ."

ಏಡಿ ಒಳಗೆಲ್ಲ ಹುಡುಕಿ ನುಣುಪಾದ ಮರದ ತುಂಡೊಂದನ್ನು ತಂದಿತು. "ಇದು ವರ್ಷಗಟ್ಟಲೆ ತೆರೆಯಲ್ಲೇ ಹೊರಳಾಡಿದ್ದು. ಅವರ ಕೊಕ್ಕಿಗೆ ಕೊಡು."

ಮರಕ್ಕೆ ಮರಳಿ ಕೊಟ್ಟಾಗ ಹೆಂಡತಿ ಅದನ್ನು ಕಚ್ಚಿ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ಇಷ್ಟು ಉಪ್ಪೇನ್ರೀ!" ಎಂದು ನಕ್ಕಳು. "ನಾನೂ ಹೋಗಿ ಬಂದ ಹಾಗಾಯ್ತು."