ಉದ್ಯಾಪನೆ ಮುಂದೂಡಿದ ಹೊನ್ನಾಂಬೆಯ ಕಥೆ

ಎಲ್ಲರೂ ಅಕ್ಷತೆ ಹಿಡಿದು ಕುಳಿತುಕೊಳ್ಳಿ. ಕಥೆ ಮುಗಿಯುವವರೆಗೆ ಯಾರೂ ಏಳಬಾರದು. ಹಿಂದೆ ಪಿಸುಗುಡುವವರನ್ನೂ ಸೇರಿಸಿಯೇ ಹೇಳಿದ್ದೇನೆ.

ಪೂರ್ವದಲ್ಲಿ ಕನಕಾವತಿಯೆಂಬ ಪಟ್ಟಣದಲ್ಲಿ ಕಾಳಿಂಗಯ್ಯನೆಂಬ ಕಂಚುಗಾರನೂ ಅವನ ಹೆಂಡತಿ ಹೊನ್ನಾಂಬೆಯೂ ಇದ್ದರು. ಗಂಡನಿಗೆ ವಿಷಮಜ್ವರ ಬರಲು, ಹೊನ್ನಾಂಬೆಯು ಗೌರಿಯ ವ್ರತ ಹಿಡಿದು, ದಾರ ಕಟ್ಟಿಕೊಂಡು, ಅನ್ನ ಬಿಟ್ಟು ಕುಳಿತಿರಲು, ದೇವಿಯ ಬಲಭುಜದಿಂದ ಹೂವು ಜಾರಿ ಅವಳ ಮಡಿಲಿಗೆ ಬಿದ್ದಿತು. ಮರುದಿನ ಗಂಡನು ಎದ್ದು ಗಂಜಿ ಕೇಳಿದನು.

ಐದು ವರ್ಷ ವ್ರತ ನಡೆಸಿ, ಮುತ್ತೈದೆಗೆ ಬಾಗಿನ ಕೊಟ್ಟು, ದಾರ ಬಿಚ್ಚಿ ಉದ್ಯಾಪನೆ ಮಾಡಬೇಕೆಂಬುದು ಕಟ್ಟಳೆ. ಐದನೆಯ ವರ್ಷವೇ ಕಾಳಿಂಗಯ್ಯನ ಗಂಟಲಲ್ಲಿ ಹುಣ್ಣೆದ್ದಿತು. ಇದು ವಾಸಿಯಾಗದು, ರಸೌಷಧದಿಂದ ಉಸಿರನ್ನು ಹಿಡಿದಿಡಬಹುದು ಅಷ್ಟೇ ಎಂದು ವೈದ್ಯನು ಹೇಳಿದನು. ವ್ರತ ಮುಗಿದರಲ್ಲವೇ ದೇವಿ ಕೈಬಿಡುವುದು, ಮುಗಿಸದೆ ಇದ್ದರೆ ಹೇಗೆ ಬಿಟ್ಟಾಳು ಎಂದು ಹೊನ್ನಾಂಬೆ ಎಣಿಸಿದಳು. ಎಂಥ ಜಾಣತನ ನೋಡಿ! ಉದ್ಯಾಪನೆಯನ್ನು ಮುಂದೂಡಿದಳು.

ಆರು ತಿಂಗಳು ಕಳೆದವು. ಮಲಗಿ ಮಲಗಿ ಅವನ ಬೆನ್ನು ಹುಣ್ಣಾಯಿತು. ಔಷಧ ಕಂಡರೆ ಅವನು ಹಲ್ಲು ಕಚ್ಚುವನು, ಇವಳು ಕೂಸಿಗೆ ಹಾಲು ಕುಡಿಸುವ ಒಳಲೆಯ ಮೂತಿಯಿಂದ ಹಲ್ಲು ಬಿಡಿಸಿ ಸುರಿಯುವಳು. ವೈದ್ಯನು ನೋಡಲಾರದೆ, "ತಾಯಿ, ಅವರಿಗೇನು ಬೇಕೆಂದು ಒಮ್ಮೆ ಕೇಳಬಾರದೇ?" ಎನ್ನಲು, "ಕೇಳುವುದೇನಿದೆ? ದೇವಿಯೇ ನನಗೆ ಹೂ ಕೊಟ್ಟಿದ್ದಾಳೆ" ಎಂದು ಗದರಿದಳು.

ಒಂದು ದಿನ ಹೀಗೆಯೇ ಹಲ್ಲು ಬಿಡಿಸುತ್ತಿರಲು, ಗೌರಿಯು ಮುತ್ತೈದೆಯ ವೇಷದಲ್ಲಿ ಬಂದು ಬಾಗಿನ ಕೇಳಿದಳು.

"ಕೊಟ್ಟರೆ ವ್ರತ ಮುಗಿದುಹೋಗುತ್ತದೆ, ಮುಂದಕ್ಕೆ ಹೋಗಮ್ಮ."

"ಹೂ ಕೊಟ್ಟವಳು ನಾನೇ. ಅವನು ಏಳಲೆಂದು ಕೊಟ್ಟೆ, ಕಟ್ಟಿಹಾಕೆಂದು ಕೊಡಲಿಲ್ಲ" ಎಂದು ಹೇಳಿ ದೇವಿಯು ಕಾಣದಾದಳು.

ಹೊನ್ನಾಂಬೆ ಒಳಲೆ ಕೆಳಗಿಟ್ಟು, "ನಿಮಗೇನು ಬೇಕು?" ಎಂದು ಕೇಳಿದಳು.

"ಸಾಕು ಹೊನ್ನೀ. ನೋವಿಗೆ ಏನಾದರೂ ಹಚ್ಚಿ, ಹತ್ತಿರ ಕೂತಿರು."

"ಇಷ್ಟು ದಿನ ಹೇಳಬಾರದಿತ್ತೇ?"

"ಬಾಯಿ ಬಿಟ್ಟರೆ ಸುರಿಯುತ್ತಿದ್ದೆಯಲ್ಲೇ."

ಅವಳು ಗೋಳೋ ಎಂದು ಅತ್ತು, ರಸೌಷಧ ನಿಲ್ಲಿಸಿ, ವೈದ್ಯನಿಂದ ನೋವಿಗೆ ಲೇಪ ಹಚ್ಚಿಸಿ, ಮುತ್ತೈದೆಯರನ್ನು ಕರೆದಳು. ಬಳೆ ತೊಟ್ಟ ಕೈಯಿಂದ ಕೊಡುವ ಕೊನೆಯ ಬಾಗಿನ ಇದೇ ಎಂದು ತಿಳಿದಿದ್ದೂ ಕೊಟ್ಟು, ದಾರ ಬಿಚ್ಚಿದಳು. ಮೂರನೆಯ ದಿನ ಕಾಳಿಂಗಯ್ಯನು ಅವಳ ತೊಡೆಯ ಮೇಲೆ ತಲೆಯಿಟ್ಟು ಸುಖವಾಗಿ ಪ್ರಾಣ ಬಿಟ್ಟನು.

ಮರುವರ್ಷದ ವ್ರತಕ್ಕೆ ಅವಳನ್ನು ಯಾರೂ ಕರೆಯದಿರಲು, ದೇವಿಯು ಊರ ಹಿರಿಯಳ ಕನಸಿನಲ್ಲಿ ಬಂದು, ನನ್ನ ಕಥೆಯನ್ನು ಅವಳೇ ಓದತಕ್ಕದ್ದು ಎಂದಳು. ಅಂದಿನಿಂದ ಇದನ್ನು ಗಂಡನನ್ನು ಕಳೆದುಕೊಂಡವಳೇ ಓದುವುದು. ಅದಕ್ಕೇ ಇವತ್ತು ನಾನು ಓದಿದೆ. ನಮ್ಮ ಯಜಮಾನರನ್ನು ಏನು ಬೇಕೆಂದು ನಾನೂ ಕೇಳಿರಲಿಲ್ಲ.

ಇದನ್ನು ಓದಿದವರಿಗೂ ಕೇಳಿದವರಿಗೂ, ಕೊನೆಗಾಲದಲ್ಲಿ ಪಕ್ಕದಲ್ಲಿ ಕುಳಿತು ಏನು ಬೇಕೆಂದು ಕೇಳುವ ಒಬ್ಬರನ್ನು ಗೌರಿಯು ಕೊಡಲಿ; ಹೇಳಿದ್ದನ್ನು ನಡೆಸಿಕೊಡುವಷ್ಟು ಗಟ್ಟಿ ಮನಸ್ಸನ್ನು ಅವರಿಗೆ ಕೊಡಲಿ.