ಒಂದೆಲಗದ ಲೇಹ್ಯ

"ಈ ಮಲ್ಲಿಗೆದುರ್ಗದಲ್ಲಿ ಸತ್ತವರೆಲ್ಲ ನನ್ನ ಔಷಧಿ ಕುಡಿಯದವರು," ಎಂದು ಆಸ್ಥಾನ ವೈದ್ಯ ಭೀಮಾಪಂಡಿತರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

"ಕುಡಿದವರು ಎಲ್ಲಿದ್ದಾರೆ ಪಂಡಿತರೇ? ನಾನಂತೂ ಒಬ್ಬರನ್ನೂ ಕಂಡಿಲ್ಲ," ಎಂದ ವಿದೂಷಕ ಸೂರಪ್ಪಯ್ಯ.

ಸಭೆ ನಕ್ಕಿತು. ಪಂಡಿತರಿಗೆ ಮೈ ಉರಿಯಿತು. ಏಕೆಂದರೆ ಮಾತು ನಿಜ. ಕೋಟೆ ಬಾಗಿಲ ಹಿಂದೆ ದೇವೀರಜ್ಜಿಯ ಹಿತ್ತಲಿತ್ತು. ಕೆಮ್ಮಿದವನಿಗೆ ಅಲ್ಲಿ ದೊಡ್ಡಪತ್ರೆ ಸಿಗುತ್ತಿತ್ತು, ಜ್ವರ ಬಂದವನಿಗೆ ಅಮೃತಬಳ್ಳಿ, ಹಸುಗೂಸಿಗೆ ತೇದು ನೆಕ್ಕಿಸಲು ಬಜೆ ಬೇರು. ಜೊತೆಗೆ ನಾಲ್ಕು ಬೈಗುಳ ಪುಕ್ಕಟೆ. ಹೀಗಿರುವಾಗ ಪಂಡಿತರ ಮನೆ ಮೆಟ್ಟಿಲು ಹತ್ತುವವರು ಯಾರು? ಆ ಮೆಟ್ಟಿಲ ಮೇಲೆ ಹುಲ್ಲು ಬೆಳೆದಿತ್ತು.

ಪಂಡಿತರು ಕಾದಿದ್ದು ಹೊತ್ತು ನೋಡಿ ರಾಜನ ಕಿವಿ ಕಚ್ಚಿದರು.

ರಾಜ ಸೋಮನಾಯಕ ಕೆಟ್ಟವನಲ್ಲ, ಮರೆಗುಳಿ. ಅದರಲ್ಲೂ ತಾನು ಕೊಟ್ಟ ಮಾತು ಮಲಗಿ ಏಳುವಷ್ಟರಲ್ಲಿ ಮರೆತುಹೋಗುತ್ತಿತ್ತು. ಬೇರೆಯವರು ತನಗೆ ಕೊಟ್ಟ ಮಾತು ಮಾತ್ರ ಚೆನ್ನಾಗಿ ನೆನಪಿರುತ್ತಿತ್ತು. ಮೊನ್ನೆ ಎಲೆ ಮುಂದೆ ಕೂತು ಹಿರಿಯ ರಾಣಿಯನ್ನು ಕಿರಿಯ ರಾಣಿಯ ಹೆಸರಿನಿಂದ ಕರೆದಿದ್ದ. ಅಂದಿನಿಂದ ಇಬ್ಬರೂ ಅನ್ನ ಬಡಿಸುತ್ತಿರಲಿಲ್ಲ.

"ಪ್ರಭು, ಮರೆವಿಗೆ ಒಂದೆಲಗವೇ ಮದ್ದು," ಎಂದರು ಪಂಡಿತರು. "ಅಂಥ ದಿವ್ಯ ಸೊಪ್ಪು ಆ ಮುದುಕಿಯ ಬಚ್ಚಲ ನೀರು ಕುಡಿದು ಹಾಳಾಗುತ್ತಿದೆ. ಹಿತ್ತಲನ್ನು ನನ್ನ ವಶಕ್ಕೆ ಕೊಡಿಸಿ, ಲೇಹ್ಯ ಮಾಡಿಕೊಡುತ್ತೇನೆ. ಇನ್ನು ಮುಂದೆ ಯಾರೂ ಮನೆಯಲ್ಲಿ ಮದ್ದಿನ ಗಿಡ ಬೆಳೆಯಕೂಡದೆಂದು ಡಂಗುರವನ್ನೂ ಹೊಡೆಸಿ."

"ಆಗಲಿ. ನಾಳೆ ಸಭೆಯಲ್ಲಿ ಮುದ್ರೆ ಒತ್ತುತ್ತೇನೆ," ಎಂದ ರಾಜ. ಹಸಿದಿದ್ದ, ಪಾಪ.

ಸುದ್ದಿ ಕೇಳಿದ್ದೇ ದೇವೀರಜ್ಜಿ ಸೂರಪ್ಪಯ್ಯನ ಜಗಲಿಗೆ ಬಂದಳು.

"ಅಲ್ಲ ಕಣಪ್ಪ, ಆ ಸೊಪ್ಪು ಹಬ್ಬಿರೋದೇ ನಾನು ಮೀಯೋ ನೀರಲ್ಲಿ. ಕಿತ್ಕೊಂಡು ಹೋಗಿ ಅರಮನೇಲಿ ನೆಟ್ರೆ, ಮೀಯೋಕೂ ನಾನೇ ಅಲ್ಲಿಗೆ ಹೋಗ್ಬೇಕಾ?" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ಯಜಮಾನ್ರು ಹೋದ್ಮೇಲೆ ಆ ಗಿಡಗಳೇ ನನ್ನ ಮನೆ ಮಂದಿ. ಅವುನ್ನ ಬಿಟ್ಟು ಎಲ್ಲಿ ಹೋಗ್ಲಿ?"

"ಅಜ್ಜಿ, ನೀನು ಹೋಗಿ ಗಿಡಕ್ಕೆ ನೀರು ಹಾಕು. ನಾಳೆಯಿಂದ ಆ ಕೆಲಸಕ್ಕೆ ಬೇರೆ ಆಳು ನೋಡೋಣ," ಎಂದ ಸೂರಪ್ಪಯ್ಯ.

ಮರುದಿನ ಪಂಡಿತರು ಮಾದರಿಗೆಂದು ಬೆಳ್ಳಿ ಭರಣಿಯಲ್ಲಿ ಲೇಹ್ಯ ತಂದಿದ್ದರು. ಅವರು ನಿನ್ನೆಯ ಮಾತನ್ನು ನೆನಪಿಸಿದ ಮೇಲೆ ರಾಜ ಮುದ್ರೆ ಎತ್ತಿಕೊಂಡ.

"ಪ್ರಭು, ಹಿತ್ತಲೇನು ಓಡಿಹೋಗುತ್ತದೆಯೇ? ಮೊದಲು ಲೇಹ್ಯದ ಗುಣ ನೋಡಿ," ಎಂದು ಸೂರಪ್ಪಯ್ಯ ಪಂಡಿತರತ್ತ ತಿರುಗಿದ. "ಎಷ್ಟು ಹಳೆಯ ಮರೆವಿಗೆ ನಾಟುತ್ತದೆ ಪಂಡಿತರೇ?"

"ಒಂದು ಬೆರಳು ನೆಕ್ಕಿದರೆ ಸಾಕು, ತೊಟ್ಟಿಲಲ್ಲಿ ಕೇಳಿದ ಜೋಗುಳವೂ ಎದ್ದು ಬರುತ್ತದೆ."

"ನಾಟದಿದ್ದರೆ?"

"ತಲೆಯೊಳಗೆ ಏನೂ ಇಲ್ಲದ ಮಡ್ಡನಿಗೆ ಮಾತ್ರ ನಾಟುವುದಿಲ್ಲ."

"ಸ್ವಲ್ಪ ಗಟ್ಟಿಯಾಗಿ ಹೇಳಿ. ಹಿಂದೆ ಕೂತವರಿಗೆ ಕೇಳಿಸಲಿಲ್ಲ."

ಪಂಡಿತರು ಖುಷಿಯಿಂದ ಗಟ್ಟಿಯಾಗಿ ಹೇಳಿದರು.

ರಾಜ ಲೇಹ್ಯ ನೆಕ್ಕಿದ. ಸಭೆಯೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಅವನಿಗೆ ಬೆಲ್ಲದ ರುಚಿಯೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ.

"ಆಹಾ," ಎಂದ. "ಒಂದೊಂದೇ ನೆನಪಾಗುತ್ತಿದೆ."

"ಹಾಗಾದರೆ ಬೇಟೆಯ ದಿನ ತಮ್ಮ ಬಿಕ್ಕಳಿಕೆ ನಿಲ್ಲಿಸಿದ ದೇವೀರಜ್ಜಿಗೆ ಕೊಟ್ಟ ಮಾತೂ ನೆನಪಾಗಿರಬೇಕು," ಎಂದ ಸೂರಪ್ಪಯ್ಯ.

"ಯಾವ..." ಎನ್ನಹೊರಟ ರಾಜ ಸಭೆಯನ್ನು ನೋಡಿ ಗಂಟಲು ಸರಿಮಾಡಿಕೊಂಡ. "ಹಾಂ, ಆ ಮಾತು. ನೆನಪಿಲ್ಲದೆ ಏನು?"

"'ಅಜ್ಜಿ, ಸೂರ್ಯಚಂದ್ರರಿರುವ ತನಕ ಈ ಹಿತ್ತಲು ನಿನ್ನದು' ಎಂದಿರಿ."

"ಎಂದೆ."

"'ಊರಿನ ಮನೆಮನೆಯಲ್ಲೂ ಇಂಥ ಗಿಡ ಬೆಳೆಯಲಿ' ಎಂದಿರಿ."

"ಎಂದೆ, ಎಂದೆ."

"'ಈ ಹಿತ್ತಲ ಮೇಲೆ ಕಣ್ಣು ಹಾಕಿದವನು ಬೇಸಿಗೆ ಮುಗಿಯುವ ತನಕ ಇದಕ್ಕೆ ನೀರು ಹೊರಬೇಕು' ಎಂದಿರಿ."

"ಹಾಗೂ ಎಂದೆನೇ?" ರಾಜ ಒಂದು ಗಳಿಗೆ ತಡವರಿಸಿದ. "ಹೌದು, ಎಂದೆ."

ಪಂಡಿತರು ಎದ್ದು ನಿಂತರು. "ಶುದ್ಧ ಸುಳ್ಳು. ಪ್ರಭುಗಳು ಇಂಥ ಮಾತು ಆಡಿಯೇ ಇಲ್ಲ."

"ನೆನಪಾಯಿತೆಂದು ಪ್ರಭುಗಳೇ ಹೇಳುತ್ತಿದ್ದಾರಲ್ಲ," ಎಂದ ಸೂರಪ್ಪಯ್ಯ ಮೆತ್ತಗೆ. "ಅದು ಸುಳ್ಳಾದರೆ ನಿಮ್ಮ ಲೇಹ್ಯ ನಾಟಿಲ್ಲ ಎಂದಾಯಿತು. ಲೇಹ್ಯ ಯಾರಿಗೆ ನಾಟುವುದಿಲ್ಲ ಎಂದಿರಿ? ಇನ್ನೊಮ್ಮೆ ಗಟ್ಟಿಯಾಗಿ ಹೇಳಿ."

ರಾಜನ ಕಣ್ಣು ಕೆಂಪಗಾಗುವುದರೊಳಗೆ ಪಂಡಿತರು ಭರಣಿ ಎತ್ತಿಕೊಂಡು ಹೊರಟಿದ್ದರು.

ಅಂದು ಸಂಜೆ ಭೀಮಾಪಂಡಿತರು ಹೆಗಲ ಮೇಲೆ ಬಿಂದಿಗೆ ಹೊತ್ತು ಬಂದದ್ದನ್ನು ಇಡೀ ಕೇರಿ ನೋಡಿತು. "ಬುಡಕ್ಕೆ ಹಾಕಪ್ಪ, ನಿನ್ನ ಕಾಲಿಗಲ್ಲ," ಎನ್ನುತ್ತ ದೇವೀರಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

ಇತ್ತ ರಾಜ ಸೂರಪ್ಪಯ್ಯನನ್ನು ಒಳಗೆ ಕರೆಸಿ ಬಾಗಿಲು ಹಾಕಿಕೊಂಡ.

"ನಾವಿಬ್ಬರೇ ಇದ್ದೇವೆ, ನಿಜ ಹೇಳಯ್ಯ. ಆ ಮುದುಕಿಗೆ ನಾನು ಹಾಗೆಲ್ಲ ಮಾತು ಕೊಟ್ಟಿದ್ದೆನೇ?"

"ನನಗೇನು ಗೊತ್ತು ಪ್ರಭು?" ಎಂದ ಸೂರಪ್ಪಯ್ಯ. "ಲೇಹ್ಯ ತಿಂದವರು ತಾವು."